ಹಳೆಯ ಬಾಡಿಗೆದಾರರ ಬಾಕಿ, ನಮ್ಮ ಬಾಗಿಲಲ್ಲಿ ಬೇಲಿಫ್

ಪ್ರಶ್ನೆ: ನಾವು ದಾವಣಗೆರೆಯವರು. ಐದು ತಿಂಗಳ ಹಿಂದೆ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಬಾಡಿಗೆ ಮನೆ ಮಾಡಿದ್ದೇವೆ. ನಮಗಿಂತ ಮುಂಚೆ ಇಲ್ಲಿದ್ದವರ ಹೆಸರೂ ನಮ್ಮ ಯಜಮಾನರ ಹೆಸರೂ ಕಾಗದಪತ್ರದಲ್ಲಿ ಒಂದೇ: ‘ಎಂ. ರಾವ್’. ಅವರಿಗೆ ಬರುತ್ತಿದ್ದ ಪತ್ರಗಳನ್ನು ಡ್ರಾಯರಿನಲ್ಲಿ ಹಾಕಿಟ್ಟುಕೊಂಡು ಬಂದೆವು. ಹೋದ ವಾರ ಬೆಳಿಗ್ಗೆ ಏಳು ಗಂಟೆಗೆ ಒಬ್ಬ ಬಂದು, ಕೌನ್ಸಿಲ್ ಟ್ಯಾಕ್ಸ್ (ಇಲ್ಲಿನ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಬಾಕಿ ಇದೆ, ಕಟ್ಟದಿದ್ದರೆ ಸಾಮಾನು ಹೊತ್ತುಕೊಂಡು ಹೋಗುತ್ತೇವೆ ಎಂಬ ಕೆಂಪಕ್ಷರದ ನೋಟಿಸನ್ನು ಬಾಗಿಲ ಸಂದಿಯಲ್ಲಿ ತುರುಕಿ ಹೋಗಿದ್ದಾನೆ. ಹಗಲು ಹೊತ್ತು ಮನೆಯಲ್ಲಿ ನಾನು, ಅತ್ತೆ, ಎರಡು ವರ್ಷದ ಮಗು ಅಷ್ಟೆ. ಅತ್ತೆಯವರಿಗೆ ಇಂಗ್ಲಿಷ್ ಬರುವುದಿಲ್ಲ. ಸ್ವಲ್ಪ ದುಡ್ಡು ಕಟ್ಟಿ ಪೀಡೆ ಕಳೆದುಕೊಳ್ಳೋಣ ಅಂತ ಇವರು ಹೇಳುತ್ತಿದ್ದಾರೆ. ನಮ್ಮ ವೀಸಾಕ್ಕೆ ತೊಂದರೆ ಆಗುತ್ತದಾ? ಮುಂದಿನ ತಿಂಗಳು ಮೂರು ವಾರ ಊರಿಗೆ ಹೋಗಬೇಕು. ಮನೆ ಖಾಲಿ ಇದ್ದಾಗ ಬೀಗ ಒಡೆದು ನುಗ್ಗುತ್ತಾರಾ?

ಉತ್ತರ: ದುಡ್ಡು ಕಟ್ಟಬೇಡಿ. ಐವತ್ತು ಪೌಂಡ್ ಕೂಡ ಕಟ್ಟಬೇಡಿ. ನಿಮ್ಮ ಕಾರ್ಡಿನಿಂದ ಹೋದ ಹಣ ಆ ಇನ್ನೊಬ್ಬ ರಾಯರ ಖಾತೆಗೆ ಜಮೆಯಾಗುತ್ತದೆ. ಉಳಿದ ಬಾಕಿಗೆ ಮತ್ತೆ ನಿಮ್ಮ ಮನೆಗೇ ಬರುತ್ತಾರೆ, ಈ ಸಲ ‘ಹಿಂದೆ ಇದೇ ವಿಳಾಸದಿಂದ ಕಟ್ಟಿದ್ದಾರಲ್ಲ’ ಎಂಬ ದಾಖಲೆಯನ್ನೂ ಇಟ್ಟುಕೊಂಡು. ವೀಸಾದ ಚಿಂತೆಯನ್ನಂತೂ ಇಲ್ಲಿಗೇ ಬಿಡಿ. ನಿಮ್ಮ ಬಾಗಿಲಿಗೆ ಬಂದ ಬೇಲಿಫ್‌ಗೂ (ಬಾಕಿ ವಸೂಲಿಗೆ ಬರುವವನಿಗೂ) ವಲಸೆ ಇಲಾಖೆಗೂ ಸಂಬಂಧವಿಲ್ಲ, ಅವನು ಪೊಲೀಸನೂ ಅಲ್ಲ. ಹಿಂದಿದ್ದವರ ಬಾಕಿ ನಿಮ್ಮ ವಲಸೆ ದಾಖಲೆಗೆ ಅಂಟುವುದಿಲ್ಲ.

ಬಂದವನು ಯಾರು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಕೆಲಸ ನಮ್ಮ ಊರಿನ ಕೋರ್ಟ್ ಅಮೀನರದ್ದೇ, ಆದರೆ ಕೌನ್ಸಿಲ್ ಬಾಕಿಗೆ ಬರುವವರು ಸಾಮಾನ್ಯವಾಗಿ ಸರ್ಕಾರಿ ನೌಕರರಲ್ಲ, ಖಾಸಗಿ ಕಂಪನಿಯವರು. ಕಾನೂನಿನಲ್ಲಿ ಅವರ ಹೆಸರು ಎನ್‌ಫೋರ್ಸ್‌ಮೆಂಟ್ ಏಜೆಂಟ್. 2007ರ ಕಾಯ್ದೆ, ಅದರ ಕೆಳಗೆ 2013ರಲ್ಲಿ ಬಂದ ನಿಯಮಗಳು, 2014ರ ಏಪ್ರಿಲ್‌ನಿಂದ ಜಾರಿಗೆ ಬಂದ ವ್ಯವಸ್ಥೆ ಇದು. ಶುಲ್ಕದ ಲೆಕ್ಕವೂ 2014ರಲ್ಲೇ ನಿಗದಿಯಾಯಿತು, ಆಗಿನ ಅಂಕಿಗಳು ಇವು: ಕಡತ ಕೈಗೆ ಬಂದ ಕೂಡಲೇ 75 ಪೌಂಡ್, ಬಾಗಿಲಿಗೆ ಬಂದರೆ ಇನ್ನೊಂದು 235, ಬಾಕಿ 1500 ದಾಟಿದ್ದರೆ ದಾಟಿದ ಭಾಗಕ್ಕೆ ಶೇಕಡಾ ಏಳೂವರೆ. ಇದನ್ನೆಲ್ಲ ಬಾಕಿದಾರನಿಂದಲೇ ವಸೂಲು ಮಾಡಬೇಕು. ಯಾರೂ ಕಟ್ಟದಿದ್ದರೆ ಕಂಪನಿಗೆ ಬರುವುದು ಸೊನ್ನೆ. ಬೆಳಿಗ್ಗೆ ಏಳಕ್ಕೆ ಬಂದು ಕೆಂಪಕ್ಷರದಲ್ಲಿ ಹೆದರಿಸುವುದರ ಹಿಂದಿನ ಲೆಕ್ಕ ಇದೇ. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಬರಲು ಅವರಿಗೆ ಅವಕಾಶವಿದೆ, ಹಾಗಾಗಿ ಏಳಕ್ಕೆ ಬಂದದ್ದರಲ್ಲಿ ತಪ್ಪು ಹುಡುಕಬೇಡಿ. ಇನ್ನು ಬರೀ ‘ಡೆಟ್ ಕಲೆಕ್ಟರ್’ ಎಂದು ಬರುವವರದು ಬೇರೆ ಜಾತಿ. ಅವರಿಗೆ ಕೇಳುವ ಹಕ್ಕು ಬಿಟ್ಟರೆ ಬೇರೇನೂ ಇಲ್ಲ, ಹೋಗಪ್ಪಾ ಎಂದರೆ ಹೋಗಬೇಕು.

ಆ ಕಾಯ್ದೆಯಲ್ಲಿ ನಿಮಗೆ ಬೇಕಾದದ್ದು ಎರಡೇ ಮಾತು. ಬೇಲಿಫ್ ಜಪ್ತಿ ಮಾಡಬಹುದಾದದ್ದು ಬಾಕಿದಾರನ ಸ್ವಂತ ವಸ್ತುಗಳನ್ನು ಮಾತ್ರ. ಅವನು ಕಾಲಿಡಬಹುದಾದದ್ದು ಬಾಕಿದಾರ ವಾಸವಿದ್ದಾನೆ ಅಥವಾ ವ್ಯಾಪಾರ ಮಾಡುತ್ತಿದ್ದಾನೆ ಎಂದು ಸಕಾರಣವಾಗಿ ನಂಬಿದ ಮನೆಗೆ ಮಾತ್ರ. ‘ಸಕಾರಣವಾಗಿ ನಂಬಿದ’ ಎಂಬಲ್ಲೇ ನಿಮ್ಮ ಪ್ರಕರಣದ ಗಂಟು ಇರುವುದು. ಕೌನ್ಸಿಲ್ ಕೊಟ್ಟ ಕಡತದಲ್ಲಿ ಎಂ. ರಾವ್ ಎಂದಿದೆ, ಇದೇ ವಿಳಾಸ ಇದೆ, ಕಳಿಸಿದ ಒಂದು ಪತ್ರವೂ ವಾಪಸ್ ಬಂದಿಲ್ಲ. ಬಂದು ನೋಡಿದರೆ ಮನೆಯಲ್ಲಿ ಭಾರತದವರೇ ಇದ್ದಾರೆ. ಅವನ ನಂಬಿಕೆಗೆ ಇಷ್ಟು ಕಾರಣ ಸಾಲದೇ? ಡ್ರಾಯರಿನಲ್ಲಿ ಬಿದ್ದಿರುವ ಪತ್ರಗಳು ಐದು ತಿಂಗಳು ಮಾಡಿದ ಕೆಲಸ ಇದು. ಆ ನಂಬಿಕೆಗೆ ಆಧಾರವಿಲ್ಲ ಎಂಬುದನ್ನು ನೀವು ಲಿಖಿತವಾಗಿ, ಪುರಾವೆಯೊಡನೆ ತಿಳಿಸಿದ ಗಳಿಗೆಯಿಂದ ಕಾನೂನು ನಿಮ್ಮ ಕಡೆ ವಾಲುತ್ತದೆ. ಅಲ್ಲಿಯವರೆಗೆ ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ವಾದಿಸಿದರೂ, ಈ ಬೇಲಿಫ್ ಹೋದರೆ ಬೇರೆ ಕಂಪನಿಯ ಇನ್ನೊಬ್ಬ ಬರುತ್ತಾನೆ. ಕೆಲವು ತಿಂಗಳು ಫಲ ಸಿಗದಿದ್ದರೆ ಕಡತ ಕೌನ್ಸಿಲ್‌ಗೆ ವಾಪಸ್ ಹೋಗಿ ಬೇರೆ ಕಂಪನಿಗೆ ಹೋಗುವುದು ಮಾಮೂಲು. ಆದ್ದರಿಂದ ವಿಳಾಸ ಬದಲಾಗಬೇಕಾದದ್ದು ಕೌನ್ಸಿಲ್‌ನ ಕಡತದಲ್ಲಿ. ಬಾಗಿಲಿಗೆ ಬಂದವನ ನೋಟ್‌ಬುಕ್ಕಿನಲ್ಲಿ ಬದಲಾದರೆ ಸಾಲದು.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಕಳವಳ ತಂದದ್ದು ಹೆಸರಿನ ವಿಷಯ. ತಂದೆಯ ಹೆಸರು, ಊರಿನ ಹೆಸರು ಇನಿಷಿಯಲ್ ಆಗಿ, ರಾವ್, ಕುಮಾರ್, ಗೌಡ ಕೊನೆಗೆ ಸೇರಿ ಬರುವ ನಮ್ಮ ಹೆಸರುಗಳು ಇಲ್ಲಿನ ಕಂಪ್ಯೂಟರುಗಳಲ್ಲಿ ಒಂದಕ್ಷರ ಮತ್ತು ಒಂದು ಸರ್‌ನೇಮ್ ಆಗಿ ಕುಗ್ಗುತ್ತವೆ. ಅವರು ಮಧುಸೂದನ ಆಗಿರಬಹುದು, ನಿಮ್ಮವರು ಮಂಜುನಾಥ ಆಗಿರಬಹುದು, ಬೇಲಿಫ್‌ಗೆ ಇಬ್ಬರೂ ಮಿಸ್ಟರ್ ಎಂ ರಾವ್. ಬಾಗಿಲಲ್ಲಿ ‘ಆರ್ ಯು ಮಿಸ್ಟರ್ ರಾವ್?’ ಎಂದು ಕೇಳಿದಾಗ ನಿಮ್ಮ ಯಜಮಾನರು ಸಹಜವಾಗಿ ಹೌದು ಎನ್ನುತ್ತಾರೆ. ಅಲ್ಲಿಗೆ ಅವನ ಪಾಲಿಗೆ ಬಾಕಿದಾರ ಸಿಕ್ಕಿದ. ಆಮೇಲೆ ನೀವು ಏನು ಹೇಳಿದರೂ, ಸಾಲ ತಪ್ಪಿಸಿಕೊಳ್ಳುವವರೆಲ್ಲ ಹೇಳುವ ಮಾತೇ ಅದು ಎಂದುಕೊಳ್ಳುತ್ತಾನೆ.

ಇದಕ್ಕೆ ಮದ್ದು ತಾರೀಖುಗಳು. ಕೌನ್ಸಿಲ್ ಟ್ಯಾಕ್ಸ್ ಬಾಕಿ ಎಂದರೆ ಯಾವುದೋ ಒಂದು ಅವಧಿಯ ಬಾಕಿ, ಇಂಥ ದಿನದಿಂದ ಇಂಥ ದಿನದವರೆಗೆ ಎಂದು ಇರಲೇಬೇಕು. ಬಾಕಿದಾರರ ಪೂರ್ಣ ಹೆಸರು ಮತ್ತು ಬಾಕಿಯ ಅವಧಿ ಏನೆಂದು ಕೇಳಿ. ಪೂರ್ಣ ಹೆಸರು ಹೇಳಲು ಅವರು ಹಿಂಜರಿದರೆ, ನೀವೇ ಯಜಮಾನರ ಪೂರ್ಣ ಹೆಸರು ಬರೆದು, ನಾವು ಈ ದೇಶಕ್ಕೆ ಬಂದದ್ದು ಇಂಥ ದಿನ, ಈ ಮನೆಗೆ ಬಂದದ್ದು ಇಂಥ ದಿನ ಎಂದು ತಿಳಿಸಿ. ಪಾಸ್‌ಪೋರ್ಟಿನಲ್ಲಿ ಬಂದಿಳಿದ ದಿನದ ಮುದ್ರೆ ಇಲ್ಲದಿದ್ದರೆ ವಿಮಾನದ ಟಿಕೆಟ್, ಇ-ವೀಸಾ ಶುರುವಾದ ದಿನ, ಕಂಪನಿಯ ನೇಮಕ ಪತ್ರ ಸಾಕು. ಇನ್ನೂ ಬೆಂಗಳೂರಿನ ಆಫೀಸಿಗೆ ಹೋಗುತ್ತಿದ್ದ ಮನುಷ್ಯ ರೆಡಿಂಗ್‌ನಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಾಕಿ ಇಟ್ಟಿರಲು ಸಾಧ್ಯವಿಲ್ಲ. ಈ ದಾಖಲೆಗಳನ್ನು ಕೌನ್ಸಿಲ್‌ಗೆ ಕಳಿಸಿ. ಪಾಸ್‌ಪೋರ್ಟನ್ನು ಬಾಗಿಲಲ್ಲಿ ನಿಂತವನ ಕೈಗೆ ಕೊಡುವ ಅಗತ್ಯ ಇಲ್ಲ.

ಪತ್ರವನ್ನು ಇವತ್ತೇ ಬರೆಯಿರಿ. ಕೌನ್ಸಿಲ್ ಟ್ಯಾಕ್ಸ್ ವಿಭಾಗಕ್ಕೆ ಒಂದು, ನೋಟಿಸಿನಲ್ಲಿರುವ ಕಂಪನಿಗೆ ಅದರದೇ ಪ್ರತಿ. ಇಮೇಲ್ ಸಾಕು, ಮೇಲೆ ನೋಟಿಸಿನ ರೆಫರೆನ್ಸ್ ನಂಬರ್ ಇರಲಿ. ನಿಮ್ಮ ಕಡತದಲ್ಲಿರುವ ವ್ಯಕ್ತಿ ಇಲ್ಲಿ ವಾಸವಿಲ್ಲ, ಅವರು ನಮಗೆ ಬಂಧುವಲ್ಲ, ಎಲ್ಲಿದ್ದಾರೋ ಗೊತ್ತಿಲ್ಲ, ಈ ಮನೆಯಲ್ಲಿರುವ ವಸ್ತುಗಳು ನಮ್ಮವು ಮತ್ತು ಮನೆ ಮಾಲೀಕರವು, ಆ ಹೆಸರಿನಿಂದ ನಮ್ಮ ವಿಳಾಸವನ್ನು ತೆಗೆದು ಅದನ್ನು ಲಿಖಿತವಾಗಿ ಖಚಿತಪಡಿಸಿ: ಇಷ್ಟು ಬರೆದರೆ ಆಯಿತು. ಕೋಪ, ಕಥೆ, ಕ್ಷಮೆ ಯಾವುದೂ ಬೇಡ. ಜೊತೆಗೆ ಬಾಡಿಗೆ ಕರಾರಿನ ಮೊದಲ ಪುಟ ಮತ್ತು ಸಹಿಯ ಪುಟ, ನಿಮ್ಮದೇ ಹೆಸರಿನ ಕೌನ್ಸಿಲ್ ಟ್ಯಾಕ್ಸ್ ಬಿಲ್. ಆ ಬಿಲ್ಲೇ ನಿಮ್ಮ ಬ್ರಹ್ಮಾಸ್ತ್ರ. ಐದು ತಿಂಗಳಿಂದ ಈ ಮನೆಗೆ ನಿಮ್ಮ ಹೆಸರಿಗೆ ಬಿಲ್ ಕಳಿಸಿ ಹಣ ಕಟ್ಟಿಸಿಕೊಳ್ಳುತ್ತಿರುವ ಕೌನ್ಸಿಲ್, ಹಿಂದಿದ್ದವರು ಇನ್ನೂ ಇಲ್ಲೇ ಇದ್ದಾರೆಂದು ಅದೇ ಮನೆಗೆ ಬೇಲಿಫ್‌ರನ್ನೂ ಕಳಿಸುತ್ತಿದೆ! ಒಂದೇ ಕಟ್ಟಡದ ಎರಡು ಮೇಜಿನವರು ಮಾತಾಡಿಕೊಂಡಿದ್ದರೆ ನಿಮ್ಮ ಅತ್ತೆಯವರು ನೆಮ್ಮದಿಯಾಗಿ ಕಾಫಿ ಕುಡಿಯಬಹುದಿತ್ತು. ಅಂದಹಾಗೆ, ನೀವು ಇನ್ನೂ ಕೌನ್ಸಿಲ್ ಟ್ಯಾಕ್ಸ್ ನೋಂದಣಿ ಮಾಡಿಸಿಯೇ ಇಲ್ಲ ಎಂದಾದರೆ ಅದು ಮೊದಲ ಕೆಲಸ. ಮನೆಗೆ ಬಂದ ದಿನದಿಂದ ಅದು ನಿಮ್ಮದೇ ಬಾಧ್ಯತೆ.

ಮನೆ ಬಾಡಿಗೆಗೆ ಕೊಡಿಸಿದ ಲೆಟಿಂಗ್ ಏಜೆಂಟರಿಂದ ಎರಡು ಸಾಲಿನ ಪತ್ರವನ್ನೂ ಕೇಳಿ: ಹಿಂದಿನವರು ಇಂಥ ದಿನ ಖಾಲಿ ಮಾಡಿದರು, ಇವರು ಇಂಥ ದಿನ ಬಂದರು ಎಂದು. ಹಿಂದಿನವರ ಹೊಸ ವಿಳಾಸ ಅವರ ಹತ್ತಿರ ಇರಬಹುದು, ಅದನ್ನು ಕೌನ್ಸಿಲ್‌ಗೆ ತಲುಪಿಸುವುದು ಅವರ ಕೆಲಸ. ಆ ಮನುಷ್ಯ ಎಲ್ಲಿದ್ದಾನೆಂದು ಪತ್ತೆ ಹಚ್ಚಿ ಕೊಡುವ ಹೊಣೆ ನಿಮ್ಮದಲ್ಲ. ಕನ್ನಡ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಈ ರಾಯರು ಯಾರಿಗಾದರೂ ಗೊತ್ತಾ, ಸಾಲ ಮಾಡಿ ಹೋಗಿದ್ದಾರೆ’ ಎಂದು ಹಾಕಲೂ ಹೋಗಬೇಡಿ. ಅವರು ಅರ್ಜೆಂಟಾಗಿ ಊರಿಗೆ ಹೋಗಿದ್ದು ಬಾಕಿ ಇರುವುದೇ ಅವರಿಗೆ ತಿಳಿಯದೆಯೂ ಇರಬಹುದು.

ಇಷ್ಟೆಲ್ಲ ಕೊಟ್ಟರೂ ಕಂಪನಿ ಪಟ್ಟು ಬಿಡದಿದ್ದರೆ ಸ್ಟ್ಯಾಚುಟರಿ ಡಿಕ್ಲರೇಷನ್ ಎಂಬ ಪ್ರಮಾಣಪತ್ರ ಮಾಡಿಸಬಹುದು. ಸಾಲಿಸಿಟರ್ ಎದುರು ಸಹಿ ಹಾಕಲು 5 ಪೌಂಡ್, ಲಗತ್ತಿಸುವ ಪ್ರತಿ ದಾಖಲೆಗೆ 2 ಪೌಂಡ್. ಮೊದಲ ದಿನವೇ ಇದರ ಅಗತ್ಯ ಬೀಳುವುದಿಲ್ಲ.

ಡ್ರಾಯರಿನ ಪತ್ರಗಳಿಗೆ ಬರೋಣ. ಬೇರೆಯವರ ಪತ್ರವನ್ನು ಅವರಿಗೆ ಹಾನಿ ಮಾಡುವ ಉದ್ದೇಶದಿಂದ, ಸೂಕ್ತ ಕಾರಣವಿಲ್ಲದೆ ಒಡೆಯುವುದು 2000ದ ಅಂಚೆ ಸೇವಾ ಕಾಯ್ದೆಯಲ್ಲಿ ಅಪರಾಧ. ನಿಮ್ಮ ಮನೆಗೆ ‘ಎಂ ರಾವ್’ ಎಂದು ಬಂದದ್ದನ್ನು ನಿಮ್ಮದೇ ಎಂದುಕೊಂಡು ಒಡೆದರೆ ಅದು ಅಪರಾಧವಲ್ಲ. ಬೇರೆಯವರದು ಎಂದು ಖಚಿತವಾಗಿ ತಿಳಿದದ್ದರ ಮೇಲೆ ‘ನಾಟ್ ಅಟ್ ದಿಸ್ ಅಡ್ರೆಸ್, ರಿಟರ್ನ್ ಟು ಸೆಂಡರ್’ ಎಂದು ಬರೆದು ಅಂಚೆ ಡಬ್ಬಕ್ಕೆ ಹಾಕಿ. ಸ್ಟಾಂಪ್ ಬೇಕಿಲ್ಲ. ಹಾಕುವ ಮುಂಚೆ ಲಕೋಟೆಯ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಯಾರು ಯಾರಿಗೆ ತಿಳಿಸಬೇಕೆಂಬ ಪಟ್ಟಿ ಅದರಿಂದಲೇ ಸಿಗುತ್ತದೆ. ಕೌನ್ಸಿಲ್ ಬಾಕಿ ಇಟ್ಟವರು ಸಾಮಾನ್ಯವಾಗಿ ಮೊಬೈಲ್, ಪಾರ್ಕಿಂಗ್ ದಂಡ, ಕರೆಂಟು ಬಿಲ್ಲುಗಳನ್ನೂ ಬಿಟ್ಟು ಹೋಗಿರುತ್ತಾರೆ.

ಇನ್ನು ಅತ್ತೆಯವರು. ಬಾಗಿಲು ಬಡಿದವರಿಗೆ ಬಾಗಿಲು ತೆಗೆದು, ಒಳಗೆ ಬನ್ನಿ ಎಂದು ಕರೆದು ನೀರು ಕೊಡುವ ಸಂಸ್ಕಾರದವರು ಅವರು. ಇಲ್ಲಿ ಅದೇ ಅಪಾಯ. ಕೌನ್ಸಿಲ್ ಟ್ಯಾಕ್ಸ್ ಬಾಕಿಗೆ ಬರುವ ಬೇಲಿಫ್ ಮೊದಲ ಸಲ ಬಲವಂತವಾಗಿ ಒಳಗೆ ಬರುವಂತಿಲ್ಲ. ಬಾಗಿಲಿಗೆ ಕಾಲು ಅಡ್ಡ ಇಡುವಂತಿಲ್ಲ, ನಿಮ್ಮನ್ನು ತಳ್ಳಿಕೊಂಡು ನುಗ್ಗುವಂತಿಲ್ಲ, ಕಿಟಕಿ ಹತ್ತುವಂತಿಲ್ಲ. ಆದರೆ ಕರೆದರೆ ಬರಬಹುದು, ಬೀಗ ಹಾಕದ ಬಾಗಿಲು ತಳ್ಳಿಕೊಂಡೂ ಬರಬಹುದು. ಒಳಗೆ ಬಂದ ಮೇಲೆ ಟಿವಿ, ಲ್ಯಾಪ್‌ಟಾಪ್ ಪಟ್ಟಿ ಮಾಡಿಕೊಂಡರೆ, ಅವು ನಮ್ಮವು ಎಂದು ಸಾಬೀತು ಮಾಡುವ ಓಡಾಟ ನಿಮ್ಮ ತಲೆಗೆ. ಹಾಗಾಗಿ ಹಿತ್ತಿಲ ಬಾಗಿಲೂ ಸೇರಿ ಎಲ್ಲಕ್ಕೂ ಸದಾ ಬೀಗ ಇರಲಿ. ನೀವು ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋದಾಗ ಯಾರು ಬಂದರೂ ಬಾಗಿಲು ತೆಗೆಯಬೇಡಿ ಎಂದು ಅತ್ತೆಯವರಿಗೆ ಹೇಳಿ. ಅವರಿಗೆ ಕಾರಣವನ್ನೂ ಹೇಳಿ, ಇಲ್ಲದಿದ್ದರೆ ‘ಪಾಪ, ಮಳೇಲಿ ನಿಂತಿದ್ದ’ ಎಂದು ತೆಗೆದೇ ತೆಗೆಯುತ್ತಾರೆ.

ಮನೆಯಲ್ಲಿ 16ರೊಳಗಿನ ಮಕ್ಕಳು ಅಥವಾ ದುರ್ಬಲ ಸ್ಥಿತಿಯವರು ಮಾತ್ರ ಇದ್ದರೆ ಬೇಲಿಫ್ ಒಳಗೆ ಬರುವಂತಿಲ್ಲ. ಇಂಗ್ಲಿಷ್ ಅರ್ಥವಾಗದವರೂ ದುರ್ಬಲ ಸ್ಥಿತಿಯವರಾಗಿರಬಹುದು ಎಂದು ಸರ್ಕಾರದ ರಾಷ್ಟ್ರೀಯ ಮಾನದಂಡಗಳೇ ಹೇಳುತ್ತವೆ. ನೀವೂ ಮನೆಯಲ್ಲಿದ್ದರೆ, ಮಗು ಇದೆ ಎಂಬ ಒಂದೇ ಕಾರಣಕ್ಕೆ ಅವನು ಹಿಂದಿರುಗಬೇಕಿಲ್ಲ. ಆದರೂ ‘ನನ್ನ ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ, ಹಗಲು ಕೆಲವೊಮ್ಮೆ ಅವರೊಬ್ಬರೇ ಇರುತ್ತಾರೆ’ ಎಂಬ ಸಾಲನ್ನು ಪತ್ರದಲ್ಲಿ ಸೇರಿಸಿ, ಕಂಪನಿ ಅದನ್ನು ದಾಖಲಿಸಿಕೊಳ್ಳಬೇಕಾಗುತ್ತದೆ.

ನೀವಿದ್ದಾಗ ಬಂದರೆ ಬಾಗಿಲು ಮುಚ್ಚಿಯೇ ಮಾತಾಡಿ. ಮಹಡಿಯ ಕಿಟಕಿ ಒಳ್ಳೆಯ ಜಾಗ. ಗುರುತಿನ ಚೀಟಿ ಮತ್ತು ಅಧಿಕಾರ ಪತ್ರ ತೋರಿಸಲು ಕೇಳಿ. ಮನೆಯ ಉಸ್ತುವಾರಿಯಲ್ಲಿ ಇರುವವರು ಕೇಳಿದರೆ ತೋರಿಸಲೇಬೇಕೆಂದು ಕಾಯ್ದೆ ಹೇಳುತ್ತದೆ. ಹೆಸರು ಬರೆದುಕೊಂಡು ಸರ್ಕಾರದ ಸರ್ಟಿಫಿಕೇಟೆಡ್ ಬೇಲಿಫ್ ಪಟ್ಟಿಯಲ್ಲಿ ಹುಡುಕಿ ನೋಡಿ, ಬೇಲಿಫ್ ವೇಷದ ವಂಚಕರೂ ಇದ್ದಾರೆ. ‘ಅವರು ಇಲ್ಲಿಲ್ಲ, ಪುರಾವೆಯನ್ನು ಕೌನ್ಸಿಲ್‌ಗೆ ಇಮೇಲ್ ಮಾಡಿದ್ದೇವೆ’ ಎಂದಷ್ಟೇ ಹೇಳಿ. ಟೆನೆನ್ಸಿ ಕರಾರನ್ನು ಗಾಜಿನ ಮೂಲಕ ತೋರಿಸಬಹುದು. ಏನಕ್ಕೂ ಸಹಿ ಹಾಕಬೇಡಿ. ಅವನು ಎದೆಯ ಮೇಲಿನ ಕ್ಯಾಮೆರಾದಲ್ಲಿ ರೆಕಾರ್ಡ್ ಮಾಡುತ್ತಿರಬಹುದು, ನೀವೂ ಫೋನಿನಲ್ಲಿ ಮಾಡಿಕೊಳ್ಳಿ. ಪೊಲೀಸರನ್ನು ಕರೆಸುತ್ತೇನೆ ಎಂದರೆ ಕರೆಸಲಿ. ಅವರು ಬರುವುದು ಗಲಾಟೆಯಾಗದಂತೆ ನೋಡಿಕೊಳ್ಳಲು, ನಿಮ್ಮ ಬಾಗಿಲು ತೆಗೆಸಿಕೊಡಲು ಅಲ್ಲ.

ಬಲವಂತದ ಪ್ರವೇಶ ಎಲ್ಲೂ ಇಲ್ಲ ಎಂದು ಮಾತ್ರ ತಿಳಿಯಬೇಡಿ. ಮ್ಯಾಜಿಸ್ಟ್ರೇಟ್ ಕೋರ್ಟ್ ವಿಧಿಸಿದ ಕ್ರಿಮಿನಲ್ ದಂಡದ ವಾರಂಟ್ ಇದ್ದರೆ ಬಾಗಿಲು ಒಡೆಯುವ ಅಧಿಕಾರ ಅವರಿಗಿದೆ. ಕೌನ್ಸಿಲ್ ಟ್ಯಾಕ್ಸ್ ಆದೇಶ ಹೊರಡುವುದೂ ಅದೇ ಕೋರ್ಟಿನಿಂದಲೇ, ಆದ್ದರಿಂದ ನೋಟಿಸಿನಲ್ಲಿ ಕೋರ್ಟಿನ ಹೆಸರು ನೋಡಿ ಗಾಬರಿಯಾಗುವ ಮುನ್ನ ‘ಲಯಬಿಲಿಟಿ ಆರ್ಡರ್’ (ತೆರಿಗೆ ಬಾಕಿಯ ಆದೇಶ) ಎಂದಿದೆಯೋ ‘ಫೈನ್’ (ದಂಡ) ಎಂದಿದೆಯೋ ಗಮನಿಸಿ. ಮೊದಲನೆಯದಾದರೆ ಬಾಗಿಲಿಗೆ ಬೀಗ ಹಾಕಿಟ್ಟರೆ ಸಾಕು. ಎರಡನೆಯದಾದರೆ ಸುಮ್ಮನೆ ಕೂರಬೇಡಿ, ಅದೇ ದಿನ ಕೋರ್ಟಿನ ದಂಡ ವಿಭಾಗಕ್ಕೂ ಕಂಪನಿಗೂ ಪುರಾವೆ ಕಳಿಸಿ.

ಇನ್ನೊಂದು ಗ್ಯಾಸ್, ಕರೆಂಟಿನ ಬಾಕಿ. ಅಲ್ಲಿ ಬರುವವರು ಸಾಮಾನು ಒಯ್ಯಲು ಬರುವುದಿಲ್ಲ, ಪ್ರಿಪೇಮೆಂಟ್ ಮೀಟರ್ (ಮುಂಗಡ ಹಣ ಹಾಕಿ ಬಳಸುವ ಮೀಟರ್) ಕೂರಿಸಲು 1954ರ ಒಂದು ಕಾಯ್ದೆಯಡಿ ವಾರಂಟ್ ಹಿಡಿದು, ಬೀಗ ತೆಗೆಯುವವನನ್ನೂ ಕರೆದುಕೊಂಡು ಬರುತ್ತಾರೆ. 2023ರ ಆರಂಭದಲ್ಲಿ ಇದು ಎಷ್ಟು ವಿಪರೀತಕ್ಕೆ ಹೋಯಿತೆಂದರೆ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಕೆಲ ಕಾಲ ನಿಲ್ಲಿಸಿಯೇಬಿಟ್ಟಿತು, ಆಮೇಲೆ ಬಿಗಿ ಷರತ್ತುಗಳೊಡನೆ ಬಿಟ್ಟಿತು. ಡ್ರಾಯರಿನಲ್ಲಿ ಇಂಧನ ಕಂಪನಿಯ ಲಕೋಟೆ ಇದ್ದರೆ, ನೀವು ಬಂದ ದಿನದ ಮೀಟರ್ ಅಂಕಿಯ ಫೋಟೊ ಜೊತೆಗೆ ಅವರಿಗೂ ಬರೆಯಿರಿ. ನಿಮ್ಮ ಮನೆಯಲ್ಲಿ ಈಗಾಗಲೇ ಪ್ರಿಪೇಮೆಂಟ್ ಮೀಟರ್ ಇದ್ದರೆ ಹಿಂದಿನವರ ಸಾಲ ಅದರೊಳಗೆ ಕೂತು ನೀವು ಹಾಕುವ ಪ್ರತಿ ಟಾಪ್‌ಅಪ್‌ನಿಂದ ಒಂದಿಷ್ಟು ತಿನ್ನುತ್ತಿರಬಹುದು. ಅದನ್ನೂ ಕೇಳಿ ತೆಗೆಸಬಹುದು.

ಮನೆಯ ಹೊರಗೆ ನಿಲ್ಲುವ ಕಾರು ನಿಮ್ಮ ದುರ್ಬಲ ಜಾಗ. ಅದನ್ನು ಹಿಡಿಯಲು ಯಾವ ಬಾಗಿಲೂ ದಾಟಬೇಕಿಲ್ಲ, ಚಕ್ರಕ್ಕೆ ಕ್ಲ್ಯಾಂಪ್ ಹಾಕಿದರೆ ಮುಗಿಯಿತು. ಅದೂ ಕಾರಿನ ನೋಂದಣಿ ಪುಸ್ತಕವಾದ ವಿ5ಸಿಯಲ್ಲಿ ‘ಎಂ ರಾವ್’ ಎಂದಿದ್ದರೆ! ವಿ5ಸಿ ಮಾಲೀಕತ್ವದ ಪುರಾವೆ ಅಲ್ಲ ಎಂದು ಅದರ ಮೇಲೇ ಅಚ್ಚಾಗಿದೆ. ಕಾರು ಕೊಂಡ ರಸೀದಿ ಮತ್ತು ಬ್ಯಾಂಕಿನಿಂದ ಹಣ ಹೋದ ದಾಖಲೆ ಬೇಕು. ಊರಿಗೆ ಮರಳುವವರ ಕಾರನ್ನು ಹೊಸಬರು ಕೊಳ್ಳುವುದು ನಮ್ಮವರಲ್ಲಿ ಸಾಮಾನ್ಯ. ಆ ಹಿಂದಿನ ರಾಯರಿಂದಲೇ ನೀವು ಕಾರು ಕೊಂಡಿದ್ದರೂ, ಬೇಲಿಫ್ ನೋಟಿಸಿನ ವಿಷಯ ತಿಳಿಯದೆ ಪ್ರಾಮಾಣಿಕವಾಗಿ ಹಣ ಕೊಟ್ಟು ಕೊಂಡಿದ್ದರೆ ಕಾಯ್ದೆ ನಿಮ್ಮನ್ನು ಕಾಪಾಡುತ್ತದೆ. ಕ್ಲ್ಯಾಂಪ್ ಹಾಕಿಯೇಬಿಟ್ಟರೆ ಅದನ್ನು ಕತ್ತರಿಸಲು ಹೋಗಬೇಡಿ, ಅದು ಅಪರಾಧ. ಕ್ಲ್ಯಾಂಪ್ ಹಾಕಿ ಕನಿಷ್ಠ 2 ಗಂಟೆ ಕಾರನ್ನು ಅಲ್ಲೇ ಬಿಡಬೇಕೆಂಬುದು ಸಾಮಾನ್ಯ ನಿಯಮ, ಅಷ್ಟರಲ್ಲಿ ದಾಖಲೆಗಳನ್ನು ಕಂಪನಿಗೆ ಇಮೇಲ್ ಮಾಡಿ. ಒಯ್ದುಬಿಟ್ಟರೆ 7 ದಿನದೊಳಗೆ ಲಿಖಿತ ಹಕ್ಕುದಾವೆ ಕೊಡಬೇಕು. ಅವರು ಅದನ್ನೂ ಒಪ್ಪದಿದ್ದರೆ ಮಾತು ಕೋರ್ಟಿಗೆ ಹೋಗುತ್ತದೆ, ಅಲ್ಲಿ ಕಾರಿನ ಬೆಲೆಯಷ್ಟು ಠೇವಣಿ ಕಟ್ಟಬೇಕಾಗಿ ಬರಬಹುದು. ಅಲ್ಲಿಯವರೆಗೆ ಹೋಗದಿರಲೆಂದೇ ಪತ್ರವನ್ನು ಇವತ್ತು ಬರೆಯಿರಿ ಎಂದದ್ದು.

ಈ ಮನೆಯಲ್ಲಿದ್ದರೆ ನಮ್ಮ ಕ್ರೆಡಿಟ್ ಸ್ಕೋರ್ ಕೆಡುತ್ತದೆ ಎಂಬ ಭಯ ಹಲವರಿಗಿದೆ. ಇಲ್ಲಿ ಮನೆಗಳನ್ನು ಕಪ್ಪುಪಟ್ಟಿಗೆ ಹಾಕುವ ಪದ್ಧತಿ ಇಲ್ಲ, ದಾಖಲೆ ವ್ಯಕ್ತಿಯದು. ಆದರೆ ಒಂದೇ ಹೆಸರು, ಒಂದೇ ವಿಳಾಸ ಎಂಬ ನಿಮ್ಮ ಪ್ರಕರಣದಲ್ಲಿ ಅವರ ಮೇಲೆ ಬೇರೆ ಸಾಲದ ಕೋರ್ಟ್ ಡಿಕ್ರಿ ಇದ್ದರೆ ಅದು ಯಜಮಾನರ ಕಡತಕ್ಕೆ ಅಂಟಿಕೊಂಡಿರುವ ಸಾಧ್ಯತೆ ನಿಜವಾಗಿಯೂ ಇದೆ. ಕ್ರೆಡಿಟ್ ದಾಖಲೆ ಇಡುವ ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಮೂರರಿಂದಲೂ ಉಚಿತ ವರದಿ ತರಿಸಿ ನೋಡಿ. ತಪ್ಪು ಕಂಡರೆ ಜನ್ಮದಿನಾಂಕದ ಆಧಾರದ ಮೇಲೆ ತಿದ್ದಿಸಿ.

ಪುರಾವೆ ಕೊಟ್ಟ ಮೇಲೂ ಬೇಲಿಫ್ ಬಂದರೆ ದೂರು ಕೊಡಿ. ಮೊದಲು ಕಂಪನಿಗೆ ಮತ್ತು ಕೌನ್ಸಿಲ್‌ಗೆ, ಏಕಕಾಲಕ್ಕೆ. ಖಾಸಗಿ ಕಂಪನಿಯ ತಪ್ಪಿಗೂ ಕಳಿಸಿದ ಕೌನ್ಸಿಲ್ಲೇ ಹೊಣೆ. ಅಲ್ಲಿ ತೃಪ್ತಿಯಾಗದಿದ್ದರೆ ಕೌನ್ಸಿಲ್‌ಗಳ ಮೇಲಿನ ದೂರು ವಿಚಾರಿಸುವ ಲೋಕಲ್ ಗವರ್ನಮೆಂಟ್ ಆಂಡ್ ಸೋಷಿಯಲ್ ಕೇರ್ ಒಂಬಡ್ಸ್‌ಮನ್ ಇದ್ದಾರೆ, ಖರ್ಚಿಲ್ಲ. ಬೇಲಿಫ್ ಕಂಪನಿಗಳ ಮೇಲೆ ಕಣ್ಣಿಡಲು 2022ರಲ್ಲಿ ಎನ್‌ಫೋರ್ಸ್‌ಮೆಂಟ್ ಕಂಡಕ್ಟ್ ಬೋರ್ಡ್ ಎಂಬ ಸ್ವತಂತ್ರ ಮಂಡಳಿಯೂ ಬಂದಿದೆ. ಬೈಗುಳ, ಬೆದರಿಕೆ, ಬಲವಂತದಂಥ ಗಂಭೀರ ನಡತೆಗೆ ಅವನ ಸರ್ಟಿಫಿಕೇಟನ್ನೇ ಪ್ರಶ್ನಿಸಿ ಕೌಂಟಿ ಕೋರ್ಟಿಗೆ ಇಎಸಿ2 ಅರ್ಜಿ ಹಾಕಬಹುದು, ಆದರೆ ಅದಕ್ಕೆ ಮುನ್ನ ಸಿಟಿಜನ್ಸ್ ಅಡ್ವೈಸ್ ಅಥವಾ ನ್ಯಾಷನಲ್ ಡೆಟ್‌ಲೈನ್‌ನವರ ಜೊತೆ ಮಾತಾಡಿ, ಇಬ್ಬರದೂ ಉಚಿತ ಸಲಹೆ. ಇದೆಲ್ಲ ಇಂಗ್ಲೆಂಡಿನ ಮಾತು. ವೇಲ್ಸ್‌ನಲ್ಲಿ ಬೇಲಿಫ್ ಕಾನೂನು ಇದೇ, ಒಂಬಡ್ಸ್‌ಮನ್ ಬೇರೆ. ಗ್ಲಾಸ್ಗೋದಲ್ಲೋ ಎಡಿನ್‌ಬರೋದಲ್ಲೋ ಇರುವ ಓದುಗರಿಗೆ ಇದು ಅನ್ವಯಿಸುವುದಿಲ್ಲ, ಅಲ್ಲಿ ಶೆರಿಫ್ ಆಫೀಸರ್‌ಗಳು, ಕಾನೂನೂ ಬೇರೆ.

ಕೊನೆಯದಾಗಿ ನಿಮ್ಮ ಊರಿನ ಪ್ರಯಾಣ. ನೋಟಿಸಿನಲ್ಲಿರುವುದು ಕೌನ್ಸಿಲ್ ಟ್ಯಾಕ್ಸ್ ಮಾತ್ರ ಎಂದಾದರೆ ಖಾಲಿ ಮನೆಯ ಬೀಗ ಒಡೆಯುವ ಅಧಿಕಾರ ಅವರಿಗಿಲ್ಲ, ಧೈರ್ಯವಾಗಿ ಹೋಗಿ ಬನ್ನಿ. ಆದರೆ ಹೊರಡುವ ಮುಂಚೆ ಕೌನ್ಸಿಲ್‌ನಿಂದ ‘ವಿಳಾಸ ತೆಗೆದಿದ್ದೇವೆ’ ಎಂಬ ಉತ್ತರ ಬಂದಿರಬೇಕು. ವಾರದೊಳಗೆ ಬರದಿದ್ದರೆ ಫೋನ್ ಮಾಡಿ, ಮಾತಾಡಿದವರ ಹೆಸರು ಬರೆದುಕೊಂಡು, ಅದೇ ದಿನ ಇಮೇಲ್‌ನಲ್ಲಿ ಅದನ್ನು ನಮೂದಿಸಿ. ಡ್ರಾಯರಿನ ಲಕೋಟೆಗಳಲ್ಲಿ ಕೋರ್ಟ್ ದಂಡದ್ದೋ ಇಂಧನ ಕಂಪನಿಯದ್ದೋ ಸಿಕ್ಕರೆ, ಅವರಿಂದಲೂ ಉತ್ತರ ಬರುವವರೆಗೆ ಬೆನ್ನು ಹತ್ತಿ. ಕಾರನ್ನು ಪರಿಚಯದವರ ಮನೆಯ ಅಂಗಳದಲ್ಲಿ ಬಿಡಿ. ಮೂರು ವಾರ ಪಕ್ಕದ ಮನೆಯವರೋ ಸ್ನೇಹಿತರೋ ಬಾಗಿಲ ಕೆಳಗೆ ಬಿದ್ದ ಕಾಗದಗಳ ಫೋಟೊ ಕಳಿಸುವಂತೆ ಮಾಡಿಕೊಳ್ಳಿ, ನಿಮ್ಮ ಇಂಗ್ಲೆಂಡಿನ ಸಿಮ್ ದಾವಣಗೆರೆಯಲ್ಲಿ ನಡೆಯದಿದ್ದರೂ ಇಮೇಲ್ ನಡೆಯುತ್ತದೆ. ಲೆಟಿಂಗ್ ಏಜೆಂಟರಿಗೂ ನೀವು ಇರದ ದಿನಗಳನ್ನು ತಿಳಿಸಿ, ಬೇಲಿಫ್ ಫೋನ್ ಮಾಡಿದರೆ ಮಾತಾಡುವವರು ಅವರೇ ಆಗಲಿ.